ಹದಿನೈದನೆಯ ತಟ್ಟೆ

ಬಾಗಿಲಲ್ಲಿ ಮನುಷ್ಯರಿಲ್ಲ. ಒಂದು ಗಾಜಿನ ಹಲಗೆ
ಎಷ್ಟು ಜನ ಎಂದು ಕೇಳಿತು.
ಮೂರು, ಒತ್ತಿದೆ.
ಮುಖ ನೋಡದ ಇಬ್ಬರು, ನಡುವೆ ಒಬ್ಬಳು,
ಎಂದು ಒತ್ತಲು ಗುಂಡಿ ಇರಲಿಲ್ಲ.

ಬಾಕ್ಸ್ ಹಿಲ್‌ನಲ್ಲಿ ರಾತ್ರಿ ಒಂಬತ್ತೂವರೆ.
ಮೂವರೂ ಟ್ರಾಮ್ ಓಡಿಸುವವರು, ಇನ್ನೂ ಸಮವಸ್ತ್ರದಲ್ಲೇ.
ಡೆಸ್ಪಿನಾ ಕಿಟಕಿಯ ಕಡೆ. ಅವಳೆದುರು ರೊವೆನಾ,
ಎದುರಿದ್ದೂ ಗೋಡೆಯ ಕಡೆ.
ಈಸ್ಟರ್ ಸೋಮವಾರದ ಪಾಳಿ ಯಾರದೆಂಬ ಮಾತು
ಮೂರು ವಾರದಿಂದ ಇಬ್ಬರ ಗಂಟಲಲ್ಲೂ ಮುಳ್ಳು.
ಮುಳ್ಳು ಸಿಕ್ಕರೆ ಅನ್ನದುಂಡೆ ನುಂಗು,
ಅಗಿಯಬೇಡ, ಎನ್ನುತ್ತಿದ್ದಳು ಅಮ್ಮ.
ಅದಕ್ಕೇ ಕರೆತಂದೆ ಇಲ್ಲಿಗೆ.

ಬೆಲ್ಟು ಸಾಗುತ್ತಿದೆ.
ಪಾರದರ್ಶಕ ಮುಚ್ಚಳ ಹೊದ್ದು
ಸಾಲ್ಮನ್, ಸೀಗಡಿ, ಮೊಟ್ಟೆಯ ಹಳದಿ ಚೌಕ,
ಯಾರೂ ಮುಟ್ಟದ ಒಂದು ಹಸಿರು ಜೆಲ್ಲಿ
ನಾಚಿಕೆ ಬಿಟ್ಟು ಮೂರನೇ ಸುತ್ತು.
ಮೀನು ತಾನಾಗಿ ಬಳಿಗೆ ಬರುವುದು
ಇವರಿಗೆ ಸೋಜಿಗ. ನನಗೇನೂ ಅಲ್ಲ.
ಬೇಲೆಕೇರಿಯ ದಕ್ಕೆಯಿಂದ ಅಂಕೋಲೆಯ ಕೇರಿಗಳಿಗೆ
ಅಮ್ಮನ ತಲೆಯೇರಿ ಬಂಗಡೆ
ಹೀಗೇ ಮನೆಮನೆ ಸುತ್ತುತ್ತಿತ್ತು.
ಕಿವಿರೆತ್ತಿ ನೋಡಿ, ಕೆಂಪಿಲ್ಲದಿದ್ದರೆ ದುಡ್ಡು ಬೇಡ!
ಬಿಸಿಲೇರಿದರೆ ಮಾತ್ರ
ಹತ್ತಕ್ಕೆ ಆರು ಇದ್ದದ್ದು ಹತ್ತಕ್ಕೆ ಹನ್ನೆರಡು.

ಇಲ್ಲಿ ಪ್ರತಿ ತಟ್ಟೆಯಡಿಗೂ ಒಂದು ಚಿಪ್.
(ಫೋನಿನಲ್ಲಿ ಹೇಳಿದರೆ ಅಮ್ಮ ಕೇಳುತ್ತಾಳೆ:
ಯಾವ ಚಿಪ್ಪೇ, ಬೆಳಚೋ ಕಲ್ಗವೋ?)
ಅದಕ್ಕೆ ಗೊತ್ತು ಎಷ್ಟು ಹೊತ್ತು ಸುತ್ತಿದೆನೆಂದು.
ಹೊತ್ತು ಮೀರಿದ್ದನ್ನು ಗೋಡೆಯಾಚೆ ಏನೋ ಒಳಗೆಳೆದುಕೊಳ್ಳುತ್ತದೆ.
ಚೌಕಾಸಿಯಿಲ್ಲ.

ರೊವೆನಾ ವಸಾಬಿ ಹೆಚ್ಚು ಹಚ್ಚಿಕೊಂಡಳು.
ಮೂಗು ಹಿಡಿದಳು, ಕಣ್ಣು ತುಂಬಿತು.
ಡೆಸ್ಪಿನಾ ನೀರಿನ ಲೋಟ ತಳ್ಳಿದಳು,
ನನ್ನ ಕಡೆ ತಳ್ಳಿದ ಹಾಗೆ.
ನಾನು ಮುಂದೆ ತಳ್ಳಿದೆ.
ಮೇಜಿನ ಮೇಲೆ ನಾನೂ ಒಂದು ಬೆಲ್ಟು.

ಬೆಕ್ಕಿನ ಮುಖದ ಯಂತ್ರವೊಂದು ಚಹಾ ಹೊತ್ತು ಬಂದು
ಡೆಸ್ಪಿನಾಳ ಚಾಚಿದ ಬೂಟಿನ ಮುಂದೆ ನಿಂತಿತು.
ದಯವಿಟ್ಟು ದಾರಿ ಬಿಡಿ.
ಬಿಡಲಿಲ್ಲ. ಬಗ್ಗಿ ನೋಡಿದಳು, ಪರೀಕ್ಷೆಗೆ ಬಂದವಳಂತೆ:
'ಬ್ರೇಕು ಪರವಾಗಿಲ್ಲ.'
'ಗಂಟೆಯೇ ಇಲ್ಲ,' ಎಂದಳು ರೊವೆನಾ, ಬೆಕ್ಕಿಗೆ.
ಗಂಟೆ ಹೊಡೆದರೂ ಫೋನಿನಿಂದ ತಲೆಯೆತ್ತದವರ ಊರಲ್ಲಿ
ದಯವಿಟ್ಟು ಎಂದರೆ ಸರಿಯುವವರು ಯಾರು?

ತಿಂದ ತಟ್ಟೆಗಳನ್ನು ಮೇಜಿನಂಚಿನ ಕಂಡಿಗೆ ಹಾಕಬೇಕು.
ಟಣ್ ಎಂದು ಒಳಗೆಲ್ಲೋ ಬೀಳುತ್ತದೆ, ಪರದೆ ಎಣಿಸುತ್ತದೆ.
ಹದಿನೈದಕ್ಕೆ ಒಂದು ಆಟ. ಗೆದ್ದರೆ
ಮೇಲಿನಿಂದ ಒಂದು ಪ್ಲಾಸ್ಟಿಕ್ ಮೊಟ್ಟೆ, ಅದರೊಳಗೆ ಬೊಂಬೆ.
ಹದಿನಾಲ್ಕಕ್ಕೆ ಮೂವರ ಪಟ್ಟಿಯೂ ಬಿಗಿಯಾಯಿತು.
ಒಬ್ಬೊಬ್ಬರಿಗೂ ಐವತ್ತರ ಹತ್ತಿರ ವಯಸ್ಸು,
ಡೆಸ್ಪಿನಾಗೆ ಮೊಮ್ಮಗ ಬೇರೆ,
ಆದರೂ ಆ ಮೊಟ್ಟೆ ಬೇಕಿತ್ತು, ಮೂವರಿಗೂ.
ಆಗ ಬಂತು ಜೆಲ್ಲಿ, ಐದನೇ ಸುತ್ತು.
ಮೂರು ಚಮಚ, ಒಂದು ಬಟ್ಟಲು.
ಯಾರೂ ಯಾರನ್ನೂ ನೋಡಲಿಲ್ಲ.
ಟಣ್.

ಪರದೆಯಲ್ಲಿ ಒಂದು ಮೀನು ಒಂದು ಏಡಿಯನ್ನು ಅಟ್ಟಿಸಿಕೊಂಡು ಹೋಯಿತು.
ಏಡಿ ತಪ್ಪಿಸಿಕೊಂಡಿತು. ಸೋತಿರಿ, ಮತ್ತೆ ಬನ್ನಿ.
ಡೆಸ್ಪಿನಾ ಗ್ರೀಕಿನಲ್ಲಿ ಬೈದಳು, ರೊವೆನಾ ಟಗಾಲೊಗಿನಲ್ಲಿ,
ನಾನು, ನಿನ್ನ ಬಲೆ ಹರಿದುಹೋಗಲಿ, ಎಂದೆ.
ಯಂತ್ರಕ್ಕೆ ಮೂರೂ ತಿಳಿಯಲಿಲ್ಲ.
ಬಿಲ್ಲು ತೋರಿಸಿತು.

ನೂರಾ ಒಂಬತ್ತನೇ ನಂಬರಿನ ಟ್ರಾಮು. ಪ್ರಯಾಣಿಕರಾಗಿ ಹತ್ತಿದೆವು.
ಓಡಿಸುತ್ತಿದ್ದವನು ಹೊಸ ಹುಡುಗ.
ಮೊದಲ ನಿಲ್ದಾಣದಲ್ಲೇ ಎಂಥ ಬ್ರೇಕು ಹಾಕಿದ ಎಂದರೆ
ಸೀಗಡಿಗಳು ಎದ್ದು ಕೂತವು ಹೊಟ್ಟೆಯಲ್ಲಿ.
ಇಬ್ಬರೂ ಒಟ್ಟಿಗೇ ಲೊಚಗುಟ್ಟಿದರು.
'ಯಾರು ಕಲಿಸಿದ್ದು ಇವನಿಗೆ?' ಗಾಳಿಯನ್ನು ಕೇಳಿದಳು ಡೆಸ್ಪಿನಾ.
'ನೀನೇ,' ಎಂದಳು ರೊವೆನಾ.

ನಾನು ಹೊರಗೆ ನೋಡುತ್ತ ಕೂತೆ.
ಹಲ್ಲಿನ ಸಂದಿಯಲ್ಲಿ ಒಂದು ಎಳ್ಳು
ಇನ್ನೂ ಸಿಕ್ಕಿಕೊಂಡೇ ಇತ್ತು.